ಗಬ್ಬ ನಿಲ್ಲುವ ದಿನಗಳಲ್ಲಿ ಮೇವಿನ ಎಚ್ಚರ

ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆಯೇ ಬರೆದಿಡಿ, ಮುಂದಿನ ಎಚ್ಚರಿಕೆಯೆಲ್ಲ ಅಲ್ಲಿಂದಲೇ ಲೆಕ್ಕ. ಸುಮಾರು 16ನೇ ದಿನದ ಹೊತ್ತಿಗೆ ಭ್ರೂಣವು ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನಿನ ಮೂಲಕ ತಾನಿರುವ ಸುದ್ದಿಯನ್ನು ಗರ್ಭಕೋಶಕ್ಕೆ ಮುಟ್ಟಿಸುತ್ತದೆ. ಮುಟ್ಟಿದರೆ ಅಂಡಾಶಯದ ಮೇಲಿನ ಹಳದಿ ಗಂಟು ಉಳಿದು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸ್ರವಿಸುತ್ತಾ ಗಬ್ಬವನ್ನು ಕಾಯುತ್ತದೆ, ಇಲ್ಲವಾದರೆ ಹಸು ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಹಾರ್ಮೋನಿನಂತೆ ನಟಿಸುವ ರಾಸಾಯನಿಕಗಳು ಈ ನಾಜೂಕಿನ ಹಂತದಲ್ಲಿ ತೊಡಕು ಮಾಡಬಹುದು.

ಹಾಸನದ ಕಡೆ ಮೊದಲು ನೋಡಬೇಕಾದದ್ದು ಮುಸುಕಿನ ಜೋಳವನ್ನು. ಕೀಟನಾಶಕಕ್ಕಿಂತ ಇದನ್ನೇ ನಾನು ಮುಂದಿಡುತ್ತೇನೆ, ಏಕೆಂದರೆ ಇದು ಯಾರೂ ಸಿಂಪಡಿಸದೆ ಹುಟ್ಟುವ ವಿಷ. ಕಟಾವಿನ ಹೊತ್ತಿಗೆ ಮಳೆ ಹಿಡಿದುಕೊಂಡರೆ ತೆನೆಯ ತುದಿಯಲ್ಲಿ ನಸುಗೆಂಪು ಬೂಷ್ಟು ಕಟ್ಟುತ್ತದೆ. ಫ್ಯುಸೇರಿಯಂ ಜಾತಿಯ ಆ ಶಿಲೀಂಧ್ರದಿಂದ ಬರುವ ಜಿಯರಲೆನೋನ್ ಎಂಬ ವಿಷವು ದೇಹದೊಳಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನಂತೆ ವರ್ತಿಸುತ್ತದೆ. ಹಂದಿಗೆ ಆಗುವಷ್ಟು ಕೇಡು ಹಸುವಿಗೆ ಆಗುವುದಿಲ್ಲವೆಂಬುದು ನಿಜ, ಆದರೆ ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದರ ಒಂದು ಪಾಲನ್ನು ಇನ್ನೂ ತೀಕ್ಷ್ಣವಾದ ರೂಪಕ್ಕೆ ತಿರುಗಿಸುತ್ತವೆ. ಸಿಪ್ಪೆ ಸುಲಿದು ತುದಿಯ ಕಾಳುಗಳ ನಡುವೆ ಉಗುರಿನಿಂದ ಕೆರೆದು ನೋಡಿ. ಗುಲಾಬಿ ಪುಡಿ ಅಂಟಿದರೆ ಆ ತೆನೆಯನ್ನು ಬೇರೆ ಹಾಕಿ. ಬೇಯಿಸಿದರೆ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ಬಿಸಿಲಿಗೆ ಹರವಿದರೂ ಅಷ್ಟೇ. ಬೂಷ್ಟು ಹಿಡಿದ ರಸಮೇವನ್ನೂ ಗೋದಲಿಗೆ ಹಾಕಬೇಡಿ.

ಆಲೂಗಡ್ಡೆಯ ಅಂಗಮಾರಿಗೆ ಹೊಡೆಯುವ ಮ್ಯಾಂಕೋಜೆಬ್ ಒಡೆದಾಗ ಉಂಟಾಗುವ ಎಥಿಲೀನ್ ಥಯೋಯೂರಿಯಾ, ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಕುಂದಿಸುವುದು ಪ್ರಯೋಗಾಲಯದ ಇಲಿಗಳಲ್ಲಿ ಕಂಡುಬಂದಿದೆ. ಆದುದರಿಂದ ಔಷಧಿ ಹೊಡೆದ ಹೊಲದ ಬದುವಿನ ಹುಲ್ಲನ್ನು, ಚಿಕ್ಕಮಗಳೂರಿನ ಕಡೆಯವರಾದರೆ ಕಾಫಿ ತೋಟದೊಳಗೆ ಕೊಯ್ದ ಹುಲ್ಲನ್ನು, ಈ ಅವಧಿಯಲ್ಲಿ ಹಾಕದಿರುವುದೇ ಲೇಸು. ಔಷಧಿಯ ಖಾಲಿ ಕ್ಯಾನನ್ನು ಎಷ್ಟು ತೊಳೆದರೂ ನೀರು ತುಂಬಲು ಬಳಸಬಾರದು, ಸಿಂಪಡಣೆಯ ಪಂಪನ್ನು ದನ ಕುಡಿಯುವ ತೊಟ್ಟಿಯ ಬಳಿ ತೊಳೆಯಬಾರದು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆದ ಎಂಡೋಸಲ್ಫಾನಿನ ಹಳೆಯ ಡಬ್ಬ ಅಟ್ಟದಲ್ಲಿ ಉಳಿದಿದ್ದರೆ ಅದನ್ನು ಕೆರೆಗೂ ತಿಪ್ಪೆಗೂ ಸುರಿಯದೆ ಕೃಷಿ ಇಲಾಖೆಯವರನ್ನು ಕೇಳಿ.

ಇನ್ನು ಗೋಡೆಯ ಲೆಕ್ಕ. ಬೆದೆ 21 ದಿನದ ಆಸುಪಾಸಿನಲ್ಲಿ ಮರಳಿದರೆ ಗರ್ಭ ಕಟ್ಟಿಲ್ಲ, ಇಲ್ಲವೇ ಬಹಳ ಬೇಗ ಹೋಗಿದೆ; ತಿಂಗಳು ದಾಟಿ ಬಂದರೆ ಕಟ್ಟಿದ್ದು ಕಳಚಿರಬಹುದು. ಬಡಕಲು ದೇಹ, ತಪ್ಪಿದ ಬೆದೆಯ ಹೊತ್ತು, ಗರ್ಭಕೋಶದ ಸೋಂಕು ಇವೇ ಹೆಚ್ಚಿನ ಸಲ ಕಾರಣವಾದ್ದರಿಂದ ಪಶುವೈದ್ಯರು ಮೊದಲು ಅವನ್ನು ಪರೀಕ್ಷಿಸಲಿ. ಅವರ ಬಳಿಗೆ ಹೋಗುವಾಗ ಬರೆದಿಟ್ಟ ತಾರೀಖುಗಳ ಜೊತೆಗೆ ಒಂದು ಬೊಗಸೆ ಜೋಳವನ್ನೂ ಒಯ್ಯಿರಿ, ಪ್ಲಾಸ್ಟಿಕ್ಕಿನಲ್ಲಿ ಬೆವರಿ ಹೊಸ ಬೂಷ್ಟು ಬರುವುದರಿಂದ ಕಾಗದದ ಪೊಟ್ಟಣದಲ್ಲಿ.