ರಿಪೀಟರ್ ಕ್ಲಬ್ ಸೇರುವ ಮುನ್ನ ಒಂದಿಷ್ಟು ಕಿವಿಗೊಡಿ

ಹವ್ಯಾಸಿ (ಹ್ಯಾಮ್) ರೇಡಿಯೊದವರು ಬಳಸುವ ಕೈ ರೇಡಿಯೊ ಹಿಡಿದು ನೆಲದ ಮೇಲೆ ನಿಂತು ಮಾತನಾಡಿದರೆ ನಮ್ಮ ಧ್ವನಿ ಸಾಮಾನ್ಯವಾಗಿ ಕೆಲವೇ ಕಿಲೋಮೀಟರ್ ದೂರ ಹೋಗುತ್ತದೆ. ಅದು ಬಳಸುವ ವಿಎಚ್‌ಎಫ್ ಮತ್ತು ಯುಎಚ್‌ಎಫ್ ಎಂಬ ಅಧಿಕ ಫ್ರೀಕ್ವೆನ್ಸಿಯ ತರಂಗಗಳು ಬಹುಮಟ್ಟಿಗೆ ಕಣ್ಣಿನ ನೇರಕ್ಕೆ ಸಾಗುವುದರಿಂದ, ಗುಡ್ಡವೋ ದೊಡ್ಡ ಕಟ್ಟಡವೋ ಅಡ್ಡ ಬಂದರೆ ಅಲ್ಲಿಗೇ ಸೊರಗಿಬಿಡುತ್ತವೆ. ಅದೇ 5 ವ್ಯಾಟ್‌ನ ರೇಡಿಯೊ ಬೆಟ್ಟದ ತುದಿಯ ರಿಪೀಟರನ್ನು ಮುಟ್ಟಿತೆಂದರೆ, ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಅದು ಆ ಕ್ಷಣದಲ್ಲೇ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಮರಳಿ ಬಿತ್ತರಿಸುತ್ತದೆ, ಮತ್ತು ಬೆಟ್ಟದ ಎರಡೂ ಮಗ್ಗುಲಿನವರು ಪರಸ್ಪರ ಮಾತನಾಡಬಲ್ಲವರಾಗುತ್ತಾರೆ. ಆದರೆ ಆ ಯಂತ್ರ ತಾನಾಗಿ ಅಲ್ಲಿ ನಿಂತಿಲ್ಲ. ಯಾರೋ ಜಾಗಕ್ಕೆ ಅನುಮತಿ ಪಡೆದಿದ್ದಾರೆ, ಕೇಬಲ್ ಎಳೆದಿದ್ದಾರೆ, ಸಿಡಿಲಿಗೆ ಸುಟ್ಟ ಭಾಗಗಳನ್ನು ಬದಲಿಸಿದ್ದಾರೆ. ಅಂಥವರ ಕೂಟವೇ ಕ್ಲಬ್. ಅದನ್ನು ಸೇರುವುದೆಂದರೆ ಚಂದಾ ಕಟ್ಟಿ ರಸೀದಿ ಪಡೆಯುವುದಷ್ಟೇ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹವ್ಯಾಸಿ ಬ್ಯಾಂಡ್‌ಗಳಲ್ಲಿ, ಅಂದರೆ ಹವ್ಯಾಸಿಗಳಿಗೆ ಬಿಟ್ಟುಕೊಟ್ಟ ಫ್ರೀಕ್ವೆನ್ಸಿ ವ್ಯಾಪ್ತಿಗಳಲ್ಲಿ, ಮಾತನಾಡಲು ಪರವಾನಗಿ ಮತ್ತು ಕಾಲ್ ಸೈನ್ (ಪರವಾನಗಿ ಪಡೆದವರಿಗೆ ಕೊಡುವ ಅಕ್ಷರ-ಅಂಕಿಗಳ ಗುರುತು) ಬೇಕೇ ಬೇಕು. ಕೇವಲ ಕೇಳುವುದಕ್ಕೂ ದೇಶದಿಂದ ದೇಶಕ್ಕೆ ನಿಯಮ ಬೇರೆಯಿರುವುದರಿಂದ ಮೊದಲು ಅದನ್ನು ವಿಚಾರಿಸಿಕೊಳ್ಳಿ. ಪರವಾನಗಿ ಇಲ್ಲವೆಂದು ಹಿಂಜರಿಯಬೇಕಾಗಿಲ್ಲ. ಪರೀಕ್ಷೆಗೆ ಓದುತ್ತಿರುವವರನ್ನು ಅನೇಕ ಕ್ಲಬ್‌ಗಳು ಸೇರಿಸಿಕೊಂಡು ಪಾಠವನ್ನೂ ಹೇಳಿಕೊಡುತ್ತವೆ. ಕ್ಲಬ್‌ಗಳ ವಿವರ ಸಿಗುವ ಸುಲಭ ಜಾಗವೆಂದರೆ ನಿಮ್ಮ ದೇಶದ ಹವ್ಯಾಸಿ ರೇಡಿಯೊ ಸಂಘ. ಇಂತಹ ರಾಷ್ಟ್ರೀಯ ಸಂಘಗಳ ಒಕ್ಕೂಟವಾದ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ 1925ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾಯಿತು.

ಹೆಸರು, ಫ್ರೀಕ್ವೆನ್ಸಿ ಸಿಕ್ಕ ಮೇಲೆ, ಅರ್ಜಿ ತುಂಬುವ ಮೊದಲು ಎರಡು ವಾರ ಕೇಳಿ. ಅನೇಕ ರಿಪೀಟರ್‌ಗಳಿರುವ 2 ಮೀಟರ್ ಬ್ಯಾಂಡ್ 144 ಮೆಗಾಹರ್ಟ್ಸ್‌ನಿಂದ ಆರಂಭವಾಗಿ ಪ್ರದೇಶಕ್ಕೆ ತಕ್ಕಂತೆ 146ಕ್ಕೋ 148ಕ್ಕೋ ಮುಗಿಯುತ್ತದೆ. ಕೇಳಲು ರಿಪೀಟರ್ ಬಿತ್ತರಿಸುವ ಫ್ರೀಕ್ವೆನ್ಸಿ ಒಂದಿದ್ದರೆ ಸಾಕು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ, ರಾತ್ರಿ ಊಟದ ನಂತರ, ರಜೆಯ ದಿನ, ಹೀಗೆ ಬೇರೆ ಬೇರೆ ಸಮಯದಲ್ಲಿ ಕೇಳಿ, ವಾರದ ನೆಟ್ (ಗೊತ್ತಾದ ಸಮಯಕ್ಕೆ ಎಲ್ಲರೂ ರೇಡಿಯೊದಲ್ಲೇ ಸೇರುವ ಕೂಟ) ಯಾವ ದಿನ ನಡೆಯುತ್ತದೆಂದು ಗುರುತು ಹಾಕಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ತಡವರಿಸುತ್ತಾ ಮಾತನಾಡುವ ಹೊಸಬರಿಗೆ ಹಳಬರು ಹೇಗೆ ಉತ್ತರಿಸುತ್ತಾರೆಂಬುದನ್ನು ಗಮನಿಸಿ. ಐದು ರಿಪೀಟರ್ ಇದ್ದೂ ಹೊಸ ಧ್ವನಿಗೆ ಯಾರೂ ಓಗೊಡದ ಕ್ಲಬ್‌ಗಿಂತ, ಒಂದೇ ರಿಪೀಟರ್ ಇಟ್ಟುಕೊಂಡು ತಾಳ್ಮೆಯಿಂದ ತಿದ್ದುವ ಕ್ಲಬ್ ಮೇಲು. ರೇಡಿಯೊ ಕೊಳ್ಳುವ ಆತುರವೂ ಈ ಹಂತದಲ್ಲಿ ಬೇಡ. ಡಿಎಂಆರ್, ಡಿ-ಸ್ಟಾರ್, ಸಿ4ಎಫ್‌ಎಂ ಎಂಬ ಡಿಜಿಟಲ್ ಪದ್ಧತಿಗಳು ಒಂದಕ್ಕೊಂದು ನೇರವಾಗಿ ಹೊಂದುವುದಿಲ್ಲವಾದ್ದರಿಂದ, ಅಲ್ಲಿ ಬಳಕೆಯಲ್ಲಿರುವುದು ಯಾವುದೆಂದು ತಿಳಿಯದೆ ಹಣ ಹಾಕಿದರೆ ನಷ್ಟ.

ಪರವಾನಗಿ ಕೈಗೆ ಬಂದ ಮೇಲೆ ರೇಡಿಯೊವನ್ನು ಸಿದ್ಧಪಡಿಸುವ ಬಗೆ ಹೀಗಿದೆ. ರಿಪೀಟರ್ 145.700 ಮೆಗಾಹರ್ಟ್ಸ್‌ನಲ್ಲಿ ಬಿತ್ತರಿಸುತ್ತದೆ, ಶಿಫ್ಟ್ (ಅದು ಬಿತ್ತರಿಸುವ ಮತ್ತು ಕೇಳುವ ಫ್ರೀಕ್ವೆನ್ಸಿಗಳ ಅಂತರ) ಮೈನಸ್ 600 ಕಿಲೋಹರ್ಟ್ಸ್ ಎಂದಿಟ್ಟುಕೊಳ್ಳೋಣ; ಆಗ ನೀವು ಗುಂಡಿ ಒತ್ತಿದೊಡನೆ ನಿಮ್ಮ ರೇಡಿಯೊ 145.100ರಲ್ಲಿ ಬಿತ್ತರಿಸಬೇಕು. ಇದರೊಂದಿಗೆ ಅನೇಕ ರಿಪೀಟರ್‌ಗಳು 88.5 ಹರ್ಟ್ಸ್‌ನಂತಹ ಒಂದು ಮಂದ್ರ ಟೋನನ್ನೂ ಬಯಸುತ್ತವೆ. ಮಾತಿನ ಅಡಿಯಲ್ಲಿ ಸದ್ದಿಲ್ಲದೆ ಸಾಗುವ ಈ ಟೋನ್ ತಪ್ಪಿದರೆ ರಿಪೀಟರ್ ಬಾಯಿಬಿಡುವುದೇ ಇಲ್ಲ, ಹೊಸಬರು ತಮ್ಮ ಕರೆಗೆ ಯಾರೂ ಉತ್ತರಿಸಲಿಲ್ಲವೆಂದು ನೊಂದುಕೊಳ್ಳುತ್ತಾರೆ. ಗುಂಡಿ ಒತ್ತಿದ ಮೇಲೆ ಒಂದು ಸೆಕೆಂಡ್ ತಡೆದು ಮಾತು ಶುರುಮಾಡಿ. ಆರಂಭದ ದಿನಗಳಲ್ಲಿ ನಾನು ಒತ್ತಿದ ಕೂಡಲೇ ಮಾತನಾಡುತ್ತಿದ್ದೆ, ಕಾಲ್ ಸೈನಿನ ಮೊದಲ ಅಕ್ಷರಗಳು ಯಾರಿಗೂ ಕೇಳುತ್ತಿರಲಿಲ್ಲ. ಟೋನನ್ನು ಗುರುತಿಸಿ ಟ್ರಾನ್ಸ್‌ಮಿಟರ್ ಎಚ್ಚರಗೊಳ್ಳಲು ಯಂತ್ರಕ್ಕೆ ಅಷ್ಟು ಹೊತ್ತು ಬೇಕೆಂದು ಹಿರಿಯರೊಬ್ಬರು ಸಮಾಧಾನದಿಂದ ಬಿಡಿಸಿ ಹೇಳಿದರು. ಒಬ್ಬರ ಮಾತು ಮುಗಿದು 'ಬೀಪ್' ಕೇಳಿದ ನಂತರವೂ ತುಸು ಬಿಡುವು ಕೊಡಿ, ತುರ್ತು ಕರೆ ಇರುವವರು ನಡುವೆ ಬರಬಹುದು. ಕಾಲ್ ಸೈನ್ ಹೇಳದೆ ಗುಂಡಿ ಒತ್ತಿ ಬಿಡುವ ಅಭ್ಯಾಸವನ್ನಂತೂ ಖಂಡಿತ ಮಾಡಿಕೊಳ್ಳಬೇಡಿ.

ಪರಿಚಯಕ್ಕೆ ವಾರದ ನೆಟ್ ಒಳ್ಳೆಯ ಬಾಗಿಲು. ನೆಟ್ ಕಂಟ್ರೋಲ್ ನಡೆಸುವವರು ಹೊಸ ಸ್ಟೇಷನ್‌ಗಳಿಗೆ ಕರೆ ಕೊಟ್ಟಾಗ, ಕಾಲ್ ಸೈನನ್ನು ಎ ಅಕ್ಷರಕ್ಕೆ ಆಲ್ಫಾ, ಬಿ ಅಕ್ಷರಕ್ಕೆ ಬ್ರಾವೋ ಎಂಬ ಕ್ರಮದಲ್ಲಿ ಬಿಡಿಬಿಡಿಯಾಗಿ ಹೇಳಿ, ನಿಮ್ಮ ಹೆಸರು, ಮಾತನಾಡುತ್ತಿರುವ ಜಾಗ ತಿಳಿಸಿ ನಿಲ್ಲಿಸಿ. ನಾಲ್ಕಾರು ನೆಟ್‌ಗಳ ನಂತರ ಮಾಸಿಕ ಸಭೆಗೆ ಹೋದರೆ, ಮುಖ ಗೊತ್ತಿಲ್ಲದಿದ್ದರೂ ಧ್ವನಿಯಿಂದಲೇ ನಿಮ್ಮನ್ನು ಗುರುತಿಸುತ್ತಾರೆ.

ಸಭೆಯಲ್ಲಿ ಚಂದಾ ಎಷ್ಟೆಂದು ಕೇಳುವಾಗಲೇ ಅದು ಎಲ್ಲಿ ಖರ್ಚಾಗುತ್ತದೆಂದೂ ಕೇಳಿ. ಒಳ್ಳೆಯ ಕ್ಲಬ್ ಲೆಕ್ಕ ತೋರಿಸಲು ಹಿಂದೆಗೆಯುವುದಿಲ್ಲ. ಒಂದೇ ಆಂಟೆನಾದಲ್ಲಿ ಬಿತ್ತರಿಸಲೂ ಕೇಳಲೂ ನೆರವಾಗುವ ಡೂಪ್ಲೆಕ್ಸರ್ ಒಂದನ್ನೇ ನೋಡಿ. ಹತ್ತಾರು ವ್ಯಾಟ್ ಬಿತ್ತರಿಸುತ್ತಿರುವ ಆಂಟೆನಾವೇ ಕೇವಲ 600 ಕಿಲೋಹರ್ಟ್ಸ್ ಆಚೆಗಿನ ಅತಿ ಕ್ಷೀಣ ಸಂಕೇತವನ್ನೂ ಹಿಡಿಯಬೇಕು, ತನ್ನದೇ ಅಬ್ಬರಕ್ಕೆ ತಾನೇ ಕಿವುಡಾಗಬಾರದು. ಅದಕ್ಕಾಗಿ ನಿಖರವಾಗಿ ಶ್ರುತಿಗೊಳಿಸಿದ ಲೋಹದ ಕ್ಯಾವಿಟಿಗಳ (ಟೊಳ್ಳು ಡಬ್ಬಿಗಳ) ಸಾಲು ಬೇಕಾಗುತ್ತದೆ, ಅದು ಅಗ್ಗದ ವಸ್ತುವಲ್ಲ. ಬಾಡಿಗೆ, ವಿದ್ಯುತ್, ಬ್ಯಾಟರಿ ಇವೆಲ್ಲ ಅದರ ಮೇಲೆ.

ನಿರ್ವಹಣೆಗೆ ಬೆಟ್ಟ ಹತ್ತುವ ದಿನ ಯಾವುದೆಂದು ತಿಳಿದುಕೊಂಡು ನೀವೂ ಹೊರಡಿ. ತರಬೇತಿ ಮತ್ತು ರಕ್ಷಣಾ ಬೆಲ್ಟ್ ಇಲ್ಲದೆ ಗೋಪುರದ ಮೆಟ್ಟಿಲು ಮುಟ್ಟಬೇಡಿ. ಕೆಳಗೇ ಕೆಲಸ ಬೇಕಾದಷ್ಟಿರುತ್ತದೆ. ಆಂಟೆನಾಕ್ಕೆ ಕಳಿಸಿದ ಶಕ್ತಿ ಎಷ್ಟರಮಟ್ಟಿಗೆ ಮರಳಿ ಬರುತ್ತಿದೆಯೆಂದು ಸೂಚಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಅಂಕಿಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಕೇಳಿ ಪಡೆದುಕೊಳ್ಳಿ. ಹಿಂದಿನ ಸಲ 1.2 ಇದ್ದದ್ದು ಈ ಸಲ 1.9 ಆಗಿದ್ದರೆ, ಕನೆಕ್ಟರಿನೊಳಗೆ ನೀರು ಇಳಿದಿರಬಹುದೆಂದು ಪಕ್ಕದಲ್ಲಿ ನಿಂತವರು ಹೇಳುತ್ತಾರೆ, ಟೇಪು ಬಿಚ್ಚಿ ಆ ಕನೆಕ್ಟರನ್ನು ನಿಮ್ಮ ಕೈಗೇ ಕೊಟ್ಟು ತೋರಿಸುತ್ತಾರೆ.