ಚಲನ್ ಅವನೇ ತುಂಬಲಿ

ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಆಸರೆಯಿಲ್ಲದ ಮಕ್ಕಳನ್ನು ಇರಿಸಿಕೊಂಡು ನೋಡಿಕೊಳ್ಳುವ ಮೈಸೂರಿನ ಬಾಲಮಂದಿರವೊಂದಕ್ಕೆ ಗಣಿತ ಹೇಳಿಕೊಡಲು ಹೋದೆ. ಅಲ್ಲಿನ ಆಪ್ತಸಮಾಲೋಚಕರು ಹದಿನೇಳರ ಹುಡುಗನೊಬ್ಬನನ್ನು ತೋರಿಸಿ, "ಗಣಿತ ಹಾಗಿರಲಿ ಮೇಡಂ, ವಾರಕ್ಕೊಮ್ಮೆ ಇವನ ಜೊತೆ ಕುಳಿತು ಮಾತನಾಡಿ" ಎಂದರು. ಹತ್ತು ತಿಂಗಳಲ್ಲಿ ಅವನಿಗೆ 18 ತುಂಬುತ್ತಿತ್ತು. ಆಮೇಲೆ ಆ ಮನೆ ಅವನದಲ್ಲ.

ಅರವತ್ತು ಜನರಿಗೆ ಸಾರು ಮಾಡಲು ಬರುತ್ತಿದ್ದ ಅವನಿಗೆ ಒಬ್ಬನ ಊಟಕ್ಕೆ ಎಷ್ಟು ಅಕ್ಕಿ ಬೇಕೆಂದು ತಿಳಿದಿರಲಿಲ್ಲ. ಅನುಮತಿ ಪಡೆದು ದೇವರಾಜ ಮಾರುಕಟ್ಟೆಗೆ ಕರೆದೊಯ್ದೆ. ಎರಡು ದಿನದ ತರಕಾರಿಗೆಂದು ಕೊಟ್ಟ ನೂರು ರೂಪಾಯಿಗೂ ಟೊಮೆಟೊ ತಂದ. ಏನೂ ಅನ್ನಲಿಲ್ಲ, ಮರುವಾರ ಮತ್ತೆ ಹೋದೆವು.

ಮೊದಲ ತಿಂಗಳಲ್ಲೇ "ನಿಮ್ಮನ್ನು ಅಮ್ಮ ಎಂದು ಕರೆಯಲೇ?" ಎಂದು ಕೇಳಿದ. ಬೇಡವೆಂದೆ. ಹೇಳುವಾಗ ಗಂಟಲು ಕಟ್ಟಿತು. ಆದರೆ ವಾರಕ್ಕೊಂದು ಗಂಟೆ ಬರುವವಳು ಆ ಹೆಸರನ್ನು ಹೊರಬಾರದು. ಶನಿವಾರ ನಾಲ್ಕು ಗಂಟೆ ಎಂದಿದ್ದೆ; ಮಳೆ ಬಂದರೂ ನಾಲ್ಕಕ್ಕೇ ಹೋದೆ.

ನಾನು ಎಡವಿದ್ದು ನನಗೆ ಚೆನ್ನಾಗಿ ಗೊತ್ತಿದ್ದ ಕೆಲಸದಲ್ಲಿಯೇ. ಖಾತೆ ತೆರೆಯುವ ಅರ್ಜಿಯನ್ನು ನಾನೇ ತುಂಬಿದೆ, ಚಲನ್ ನಾನೇ ಬರೆದೆ, ಅವನು ಸಹಿ ಹಾಕಿದ ಅಷ್ಟೇ. ಹೊರಗೆ ಬಂದ ಎರಡನೇ ತಿಂಗಳು ಎಟಿಎಂ ಕಾರ್ಡ್ ಕೆಲಸ ಮಾಡಲಿಲ್ಲ. ಬ್ಯಾಂಕಿನಲ್ಲಿ ಯಾರನ್ನು ಏನೆಂದು ಕೇಳಬೇಕೆಂದು ತಿಳಿಯದೆ, ಖಾತೆಯಲ್ಲಿ ಹಣವಿದ್ದೂ ಎರಡು ದಿನ ಬನ್ನು ತಿಂದು, ಟೀ ಕುಡಿದುಕೊಂಡು ಕಳೆದಿದ್ದ. ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ, ಕೌಂಟರಿಗೆ ಅವನೊಬ್ಬನೇ ಹೋದ. ಮೂರು ಸಲ ವಾಪಸು ಕಳುಹಿಸಿದರು. ನಾಲ್ಕನೆಯ ಸಲ ಕೆಲಸ ಮುಗಿಸಿಕೊಂಡು ಬಂದ.

ಕಾನೂನಿನ ಆಸರೆಯೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಸಂಸ್ಥೆಯಿಂದ ಹೊರಬರುವವರಿಗೆ ಹಣಕಾಸಿನ ನೆರವು ಒದಗಿಸಬಹುದು ಎನ್ನುತ್ತದೆ. ಹೊರಬಂದ ಮೇಲೂ ಸಿಗುವ ಈ ಆಸರೆ, ಅಂದರೆ ಅನುಪಾಲನೆ, 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಮಕ್ಕಳ ರಕ್ಷಣೆಗಾಗಿರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಇದಕ್ಕೆ ತಿಂಗಳಿಗೆ 4000 ರೂಪಾಯಿ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇದನ್ನು 18 ತುಂಬುವ ಮೊದಲೇ ವಿಚಾರಿಸಿ. ಆಧಾರ್, ಅಂಕಪಟ್ಟಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶಗಳ ಪ್ರತಿ ಒಂದೇ ಕಡತದಲ್ಲಿ, ಮಗುವಿನ ಕೈಯಲ್ಲೇ ಇರಲಿ.

ಅವನೀಗ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾನೆ, ಇಬ್ಬರೊಡನೆ ಕೋಣೆ ಹಂಚಿಕೊಂಡಿದ್ದಾನೆ. ನನ್ನ ಶನಿವಾರಗಳು ಈಗ ಹದಿನಾರರ ಹುಡುಗಿಯೊಬ್ಬಳಿಗೆ. ಈ ಬಾರಿ ಎರಡು ವರ್ಷ ಸಿಕ್ಕಿದೆ. ನಾಳೆ ಅಂಚೆ ಕಚೇರಿಗೆ ಹೋಗುತ್ತೇವೆ. ಪೆನ್ನು ಅವಳೇ ತರುತ್ತಾಳಂತೆ.