ಕ್ಲಿಂಚ್ ನದಿಯಲ್ಲಿ ಕಪ್ಪೆಚಿಪ್ಪುಗಳ ಆರೋಗ್ಯ ನೋಡುವ ಕೆಲಸ: ನನ್ನ ಅನುಭವ

ಅಮೆರಿಕದ ವರ್ಜೀನಿಯಾ, ಟೆನೆಸ್ಸೀ ರಾಜ್ಯಗಳಲ್ಲಿ ಹರಿಯುವ ಕ್ಲಿಂಚ್ ನದಿಯಲ್ಲಿ ಸಿಹಿನೀರಿನ ಕಪ್ಪೆಚಿಪ್ಪುಗಳ 40ಕ್ಕೂ ಜಾಸ್ತಿ ಜಾತಿಗಳಿವೆ. ಅವುಗಳಲ್ಲಿ ಎಷ್ಟೋ ಅಳಿವಿನಂಚಿನಲ್ಲಿವೆ. ಅಲ್ಲಿನ ಸಮೀಕ್ಷೆ ತಂಡದಲ್ಲಿ ನಾನೂ ಇದ್ದೇನೆ.

ಬೇಸಿಗೆಯಲ್ಲಿ ನೀರು ಇಳಿದು ತಿಳಿಯಾದಾಗ ಸ್ನಾರ್ಕೆಲ್ (ಮುಖ ನೀರಲ್ಲಿದ್ದರೂ ಉಸಿರಾಡಲು ಬಾಯಿಗಿಡುವ ಕೊಳವೆ) ಹಾಕಿಕೊಂಡು ಮುಖ ಕೆಳಗೆ ಮಾಡಿ ತೇಲುತ್ತೇವೆ. ಅರ್ಧ ಮೀಟರ್ ಉದ್ದಗಲದ ಚೌಕಟ್ಟನ್ನು ನದಿತಳದಲ್ಲಿಟ್ಟು, ಅದರೊಳಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತಿ, ಆಮೇಲೆ ಸುಮಾರು 15 ಸೆಂ.ಮೀ. ಆಳದವರೆಗೆ ಕೈಯಿಂದ ಜಲ್ಲಿ ಕೆದಕುತ್ತೇವೆ. ಮರಿಗಳು ಸಿಗುವುದು ಅಲ್ಲೇ. ಇದನ್ನು ಬಿಡಲೇಬಾರದು. ದೊಡ್ಡವು ದಶಕಗಟ್ಟಲೆ ಬದುಕುತ್ತವೆ, ಹಾಗಾಗಿ ಮೇಲೆ ನೋಡಿದರೆ ನದಿ ತುಂಬಿದಂತೆ ಕಂಡರೂ ಒಳಗೆ ವರ್ಷಗಳಿಂದ ಒಂದು ಮರಿಯೂ ಹುಟ್ಟಿರದೇ ಇರಬಹುದು. ಇವುಗಳ ಲಾರ್ವಾ, ಅಂದರೆ ಮೊಟ್ಟೆಯೊಡೆದು ಬಂದ ಪುಟ್ಟ ಎಳೆಜೀವ, ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಬೆಳೆಯಬೇಕು. ತಕ್ಕ ಮೀನಿಲ್ಲದಿದ್ದರೆ ಸಂತತಿ ಅಲ್ಲಿಗೇ ನಿಂತಿತು, ಅಲ್ವಾ?

ಉದ್ದ ಅಳೆದು, ನಂಬರಿನ ಚೀಟಿ ಅಂಟಿಸುವಾಗ ನಾನು ಮುಖ್ಯವಾಗಿ ನೋಡುವುದು ಅದು ಹೇಗೆ ಮುಚ್ಚಿಕೊಳ್ಳುತ್ತದೆ ಅಂತ. ಗಟ್ಟಿಮುಟ್ಟಾದದ್ದು ಮುಟ್ಟಿದ ತಕ್ಷಣ ಬಿಗಿಯಾಗಿ ಮುಚ್ಚುತ್ತದೆ. ಕಾಯಿಲೆಯದ್ದು ಜಲ್ಲಿ ಮೇಲೆ ಸುಮ್ನೆ ಬಿದ್ದಿರುತ್ತದೆ, ಬಾಯಿ ತೆರೆದೇ ಇರುತ್ತದೆ, ಮುಚ್ಚಿದರೂ ನಿಧಾನ. ಖಾಲಿ ಚಿಪ್ಪನ್ನೂ ಬರೆದುಕೊಳ್ಳುತ್ತೇವೆ: ಒಳಮೈ ಇನ್ನೂ ಹೊಳೆಯುತ್ತಿದ್ದರೆ ಸತ್ತದ್ದು ಇತ್ತೀಚೆಗೆ, ಸುಣ್ಣದಂತೆ ಬಿಳಿಚಿದ್ದರೆ ಹಳೆಯದು.

ಈ ನದಿಯಲ್ಲಿ 2016ರಿಂದ ಫೆಸಂಟ್‌ಶೆಲ್ ಅನ್ನುವ ಜಾತಿ ಬೇಸಿಗೆ ಕೊನೆಯಲ್ಲಿ, ಶರತ್ಕಾಲದಲ್ಲಿ ರಾಶಿ ರಾಶಿಯಾಗಿ ಸತ್ತಿತು. ಕಾಯಿಲೆ ಬಿದ್ದವುಗಳಲ್ಲಿ ಡೆನ್ಸೊವೈರಸ್ ಗುಂಪಿನ ಒಂದು ವೈರಸ್ ಜಾಸ್ತಿ ಇದೆ ಅಂತ 2020ರ ಸಂಶೋಧನೆ ತೋರಿಸಿತು. ಅದು ಗೊತ್ತಾದದ್ದು ಕಾಯಿಲೆಯವುಗಳ ಪಕ್ಕದಲ್ಲಿ ಆರೋಗ್ಯವಾಗಿದ್ದವನ್ನೂ ಇಟ್ಟು ಹೋಲಿಸಿದ್ದರಿಂದ. ಅದಕ್ಕೇ ನಾನು ಹಟ ಹಿಡಿಯುವುದು, ಸಾವು ಶುರುವಾಗುವ ಮೊದಲೇ ಚೆನ್ನಾಗಿರುವವುಗಳ ಮಾದರಿ ತೆಗೆದಿಟ್ಟುಕೊಳ್ಳಬೇಕು ಅಂತ. ಚಿಪ್ಪನ್ನು ಸ್ವಲ್ಪವೇ ತೆರೆದು, ಸಣ್ಣ ಸೂಜಿಯಿಂದ ಸ್ನಾಯುವಿನೊಳಗಿನ ರಕ್ತದಂಥ ದ್ರವ ಒಂಚೂರು ತೆಗೆದರೆ ಸಾಕು. ಜಾಗ್ರತೆಯಿಂದ ಮಾಡಿದರೆ ಪ್ರಾಣಿ ಸಾಯುವುದಿಲ್ಲ.

ಅನುಮತಿ ಪತ್ರವಿಲ್ಲದೆ ಇವನ್ನು ಮುಟ್ಟುವಂತಿಲ್ಲ. ವಾಪಸ್ ಇಡುವಾಗ ಎತ್ತಿದ ಜಾಗದಲ್ಲೇ, ನೀರೆಳೆಯುವ ತುದಿ ಮೇಲೆ ಬರುವಂತೆ ಊರಬೇಕು. ಇನ್ನೊಂದು ನದಿಗೆ ಹೋಗುವ ಮೊದಲು ಬೂಟು, ಸ್ನಾರ್ಕೆಲ್, ಚೌಕಟ್ಟು ಎಲ್ಲವನ್ನೂ ಕ್ರಿಮಿನಾಶಕದಲ್ಲಿ ತೊಳೆದು ಪೂರ್ತಿ ಒಣಗಿಸುತ್ತೇವೆ. ಎಷ್ಟೇ ತಡವಾದರೂ ಸರಿ.